ಹಳ್ಳಿಗೊಂದು ಟಿಕೆಟ್ ಕೊಡಿ

ಹಳ್ಳಿ ನೋಡಬೇಕೆಂದರೆ ಈಗ ಪಾಸ್‌ಪೋರ್ಟ್ ಬೇಕು. ಅಜ್ಜನ ಮನೆಗೆ ಬೀಗ ಜಡಿದು, ಗದ್ದೆಯನ್ನು ಸೈಟು ಮಾಡಿ ಮಾರಿ, ಊರ ಜಾತ್ರೆಗೆ ‘ರಜೆ ಸಿಗಲಿಲ್ಲ ಕಣೋ’ ಎಂದು ಫೋನಿನಲ್ಲೇ ಕೈಮುಗಿಯುವ ಬೆಂಗಳೂರಿನ ಮಹಾಜನತೆಗೆ 2024ರ ಮಾರ್ಚ್‌ನಿಂದ ಬಾಲಿಗೆ ನೇರ ವಿಮಾನವೂ ಸಿಕ್ಕಿಬಿಟ್ಟಿತು. ದೇವನಹಳ್ಳಿಯಲ್ಲಿ ಹತ್ತಿ ಡೆನ್‌ಪಸಾರ್‌ನಲ್ಲಿ ಇಳಿದರಾಯಿತು. ವೀಸಾಕ್ಕೆ 5 ಲಕ್ಷ ರುಪಿಯಾ. ಅದರ ಮೇಲೆ, ಬಾಲಿಯ ಸಂಸ್ಕೃತಿಯನ್ನೂ ಪರಿಸರವನ್ನೂ ಕಾಪಾಡಲೆಂದು ವಿದೇಶಿಯರಿಂದ ತಲೆಗೆ 1.5 ಲಕ್ಷ ರುಪಿಯಾ ವಸೂಲಿ. ಗಾಬರಿ ಬೇಡ, ನಮ್ಮ ಲೆಕ್ಕದಲ್ಲಿ ಅದು ಸುಮಾರು 800 ರೂಪಾಯಿ. ಊರ ಗುಡಿಯ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರನ್ನು ಕಂಡು ಬಾತ್‌ರೂಮು ಸೇರಿದ್ದ ಯಜಮಾನರು, ಇಲ್ಲಿ ಮಾತ್ರ ನಗುನಗುತ್ತಾ ಕಾರ್ಡು ಉಜ್ಜುತ್ತಾರೆ.

ಪ್ಯಾಕೇಜಿನಲ್ಲಿ ಸಂಸ್ಕೃತಿಗೆಂದೇ ಒಂದು ದಿನ ಮೀಸಲು. ಬೆಳಗ್ಗೆ ಸಂಸ್ಕೃತಿ, ಮಧ್ಯಾಹ್ನ ಇಂಡಿಯನ್ ಊಟ, ಆಮೇಲೆ ತೆಗಲ್ಲಲಾಂಗ್‌ನ ಗದ್ದೆಯ ಮೇಲೆ ಜೋಕಾಲಿ, ಸಂಜೆ ಉಲುವಾಟುವಿನಲ್ಲಿ ಕೋತಿ ಮತ್ತು ಕೆಚಕ್ ಕುಣಿತ. (ಆ ಕೋತಿಗಳಿಗೆ ನಮಸ್ಕಾರ. ಕನ್ನಡಕ, ಫೋನು ಕಿತ್ತುಕೊಂಡು, ಹಣ್ಣು ಕೊಟ್ಟರೆ ಮಾತ್ರ ವಾಪಸು ಕೊಡುತ್ತವೆ. ಪ್ರವಾಸಿಯ ಬೆಲೆ ಇಷ್ಟು ಕರಾರುವಾಕ್ಕಾಗಿ ತಿಳಿದವರು ಇನ್ನೊಬ್ಬರಿಲ್ಲ.)

ಬೆಳಗಿನ ಪಾಳಿಯ ಸಂಸ್ಕೃತಿಗೆ ಬಹುತೇಕ ಎಲ್ಲರನ್ನೂ ಕರೆದೊಯ್ಯುವುದು ಬಾಂಗ್ಲಿ ಜಿಲ್ಲೆಯ ಪೆಂಗ್ಲಿಪುರಾನ್‌ಗೆ. ಕಲ್ಲು ಹಾಸಿದ ಒಂದು ನೀಳ ಬೀದಿ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಊರ ದೇವಸ್ಥಾನ ಮುಟ್ಟುತ್ತದೆ. ಎರಡೂ ಕಡೆ ಒಂದೇ ಅಚ್ಚಿನ ಹೆಬ್ಬಾಗಿಲುಗಳು, ಬಿದಿರಿನ ಸೂರು, 70ಕ್ಕೂ ಹೆಚ್ಚು ಮನೆ. ಊರ ಹಿಂದೆ ನಲವತ್ತು ಹೆಕ್ಟೇರ್ ಮೀರಿದ ಬಿದಿರ ಕಾಡು, ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಬೀದಿಯಲ್ಲಿ ವಾಹನವಿಲ್ಲ, ಕಸವಿಲ್ಲ. 1993ರಲ್ಲಿ ಪ್ರವಾಸಿ ಹಳ್ಳಿಯೆಂದು ಘೋಷಣೆಯಾಯಿತು; 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಜಗತ್ತಿನ ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೂ ಸೇರಿಸಿತು. ‘ಎಷ್ಟು ನೀಟಾಗಿದೆ ನೋಡೇ!’ ಎನ್ನುತ್ತಾ ಯಜಮಾನರು ಖಾಲಿ ಚಿಪ್ಸ್ ಪೊಟ್ಟಣವನ್ನು ಮಡಚಿ ಜೇಬಿಗಿಡುತ್ತಾರೆ. ಊರಿನಲ್ಲಿದ್ದಾಗ ರಾತ್ರಿ ಸ್ಕೂಟರ್ ನಿಲ್ಲಿಸದೆಯೇ ಮೂರನೇ ಕ್ರಾಸಿನ ಮೂಲೆಗೆ ಕಸದ ಚೀಲ ಎಸೆಯುವ ಗುರಿಕಾರರು ಇವರೇ.

ಮನೆಯೊಳಗೆ ಬನ್ನಿ ಎಂದು ಅಮ್ಮನೊಬ್ಬಳು ಕರೆಯುತ್ತಾಳೆ. ಬಿದಿರ ತಟ್ಟಿಯ ಅಡುಗೆಮನೆ, ಹೊಗೆ ಹಿಡಿದು ಕಪ್ಪಾದ ಗೋಡೆ, ಒಲೆಯ ಮಗ್ಗುಲಲ್ಲೇ ಬಿದಿರ ಮಂಚ. ಆಹಾ, ಅಸಲಿ! ರೀಲ್ಸ್ ಶುರು. ಕ್ಯಾಮೆರಾ ಸ್ವಲ್ಪ ತಿರುಗಿದ್ದೇ ತಡ, ಪಕ್ಕದ ಸಿಮೆಂಟು ಕೋಣೆ, ಟಿವಿ, ಫ್ರಿಜ್ಜು ಕಂಡು ಮುಖ ಬಾಡುತ್ತದೆ. ‘ಛೆ, ಎಲ್ಲಾ ಕಮರ್ಷಿಯಲ್ ಆಗೋಯ್ತು.’ ಅಂದರೆ, ನಾವು ಏಸಿ ಕೋಣೆಯಿಂದ ಎದ್ದು ಬಂದು ನೋಡುವ ಸುಖಕ್ಕಾಗಿ ಅವಳು ಹೊಗೆಯಲ್ಲೇ ಕೆಮ್ಮುತ್ತಿರಬೇಕಿತ್ತು. ಅವಳು ಕೊಡುವ ಹಸಿರು ಪಾನಕದ ಹೆಸರು ಲೋಲೋ ಚೆಮ್‌ಚೆಮ್. ನಮ್ಮ ಅಮಟೆ ಮರದ ಜಾತಿಯ ಎಲೆ ಅರೆದು ಮಾಡಿದ್ದು. ಹುಳಿ, ಉಪ್ಪು, ಸಿಹಿ ಒಟ್ಟೊಟ್ಟಿಗೆ. ಮಲೆನಾಡಿನ ಅತ್ತೆ ಅಮಟೆಕಾಯಿ ಗೊಜ್ಜು ಕಳಿಸಿದರೆ ‘ಅಸಿಡಿಟಿ’ ಎನ್ನುವ ಸೊಸೆ ಇಲ್ಲಿ ಬಾಟಲಿ ಹಿಡಿದು ‘ಡಿಟಾಕ್ಸ್’ ಎನ್ನುತ್ತಾಳೆ.

ಎಲ್ಲಕ್ಕಿಂತ ಹೆಚ್ಚು ನಗೆ ಏಳುವುದು ಊರಂಚಿನ ಕರಾಂಗ್ ಮೆಮಾದು ಎಂಬ ಪಾಳು ಜಾಗದಲ್ಲಿ. ಒಬ್ಬಳಿದ್ದೂ ಇನ್ನೊಬ್ಬಳನ್ನು ಕಟ್ಟಿಕೊಂಡವನನ್ನು ಊರು ಅಲ್ಲಿಗೆ ಅಟ್ಟುತ್ತದೆ. ಅವನಿಗೆ ಊರ ದೇವಸ್ಥಾನದ ಪೂಜೆಯಲ್ಲಿ ಪಾಲಿಲ್ಲ, ಊರ ಬೀದಿಯಲ್ಲಿ ಮನಬಂದಂತೆ ಓಡಾಟವಿಲ್ಲ. ಹಾಗಾಗಿ ಅಲ್ಲಿ ಯಾರೂ ವಾಸವಿಲ್ಲ. ನಮ್ಮ ಗಂಡಸರು ಬೋರ್ಡಿನ ಮುಂದೆ ನಿಂತು, ‘ನಂಗೊಂದು ಸೈಟ್ ಬುಕ್ ಮಾಡ್ರಪ್ಪಾ’ ಎಂದು ಕಿಸಕ್ಕೆಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಖಾಲಿ ಬಿದ್ದ ಆ ಜಾಗವೇ ಇಡೀ ಹಳ್ಳಿಯ ಗಟ್ಟಿ ಸಂಸ್ಕೃತಿ ಎಂಬುದು ಯಾರ ತಲೆಗೂ ಹೋಗುವುದಿಲ್ಲ. ಗೈಡ್ ಕೂಡ ಹೇಳುವ ಗೋಜಿಗೆ ಹೋಗುವುದಿಲ್ಲ. ಊಟಕ್ಕೆ ತಡವಾಗುತ್ತದೆ.

ಬಾಲಿಯನ್ನು ‘ಇದ್ದ ಹಾಗೇ ಇಡುವ’ ಈ ಕಾಳಜಿ ನಮ್ಮಿಂದ ಶುರುವಾದದ್ದಲ್ಲ. ಡಚ್ಚರು ದೊಡ್ಡ ಸಂಸ್ಕೃತಿಪ್ರೇಮಿಗಳು. 1906ರ ಸೆಪ್ಟೆಂಬರ್ 20ರಂದು ಡೆನ್‌ಪಸಾರ್‌ನಲ್ಲಿ ರಾಜ, ರಾಣಿವಾಸ, ಮಕ್ಕಳು, ಪರಿವಾರ ಬಿಳಿ ಬಟ್ಟೆಯುಟ್ಟು ಅರಮನೆಯಿಂದ ಹೊರಬಂದು ಅವರ ಬಂದೂಕಿನ ಬಾಯಿಗೆ ನಡೆದುಹೋದರು. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲೂ ಅದೇ ಕಥೆ. ಯುರೋಪಿನಲ್ಲಿ ಡಚ್ಚರ ಮಾನ ಹೋಯಿತು. ಆಮೇಲೆ ಜ್ಞಾನೋದಯವಾಗಿ, ಬಾಲಿ ಒಂದು ಜೀವಂತ ವಸ್ತುಸಂಗ್ರಹಾಲಯ, ಬಾಲಿಯವರು ಬಾಲಿಯವರಂತೆಯೇ ಇರಬೇಕು ಎಂದು ಫರ್ಮಾನು ಹೊರಡಿಸಿದರು. 1928ರಲ್ಲಿ ಆ ರಕ್ತ ಬಿದ್ದ ಜಾಗದ ಹತ್ತಿರವೇ ಬಾಲಿ ಹೋಟೆಲ್ ಎದ್ದಿತು. ಹಡಗು ಕಂಪನಿ ಪ್ರವಾಸಿಗಳನ್ನು ತಂದು ಇಳಿಸಿತು. ನಾವು ‘ಸಾವಿರಾರು ವರ್ಷಗಳ ಪರಂಪರೆ’ ಎಂದು ಮೈಮರೆಯುವ ಕೆಚಕ್ ಕೂಡ ಇಂದಿನ ರೂಪ ಪಡೆದದ್ದು 1930ರ ದಶಕದಲ್ಲಿ. ಹಳೆಯ ಮೈದುಂಬುವ ಆಚರಣೆಯ ಗಂಡಸರ ಮೇಳಕ್ಕೆ ರಾಮಾಯಣ ಜೋಡಿಸಿದ್ದರಲ್ಲಿ ನರ್ತಕ ವಾಯನ್ ಲಿಂಬಾಕ್ ಜೊತೆ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಕೈಯೂ ಇತ್ತು. ಕುಣಿತ ಚೆನ್ನಾಗಿದೆ, ಆ ಮಾತು ಬೇರೆ.

ಬಾಲಿಯವರಿಗೆ ಇದೆಲ್ಲ ಗೊತ್ತಿಲ್ಲ ಎಂದುಕೊಂಡರೆ ಪೆದ್ದರು ನಾವೇ. ಲೆಂಪುಯಾಂಗ್ ದೇವಸ್ಥಾನದ ಬಾಗಿಲ ಮುಂದೆ ಟೋಕನ್ ಹಿಡಿದು ಗಂಟೆಗಟ್ಟಲೆ ಸಾಲು ನಿಲ್ಲುತ್ತೀರಲ್ಲ, ಫೋಟೊದಲ್ಲಿ ಕಾಣುವ ಸರೋವರ ಅಲ್ಲಿಲ್ಲ. ಫೋನಿನ ಕೆಳಗೆ ಹುಡುಗನೊಬ್ಬ ಹಿಡಿಯುವ ಕನ್ನಡಿಯ ಚೂರು ಅದು. ನಿಜವಾದ ದೇವರು ಸುಮಾರು 1,700 ಮೆಟ್ಟಿಲ ಮೇಲಿದ್ದಾನೆ. ಅಲ್ಲಿ ಸಾಲೂ ಇಲ್ಲ, ಟೋಕನ್ನೂ ಇಲ್ಲ. ಕನ್ನಡಿಯನ್ನು ನಮಗೆ ಬಿಟ್ಟುಕೊಟ್ಟು ದೇವರನ್ನು ತಾವೇ ಇಟ್ಟುಕೊಂಡಿದ್ದಾರೆ. ಪೆಂಗ್ಲಿಪುರಾನ್‌ನಲ್ಲೂ ಅಷ್ಟೇ: ಹೆಬ್ಬಾಗಿಲು ನಮಗೆ, ಪಂಚಾಯಿತಿಕೆ ಅವರಿಗೆ.

ಅವರು ಮಾರದೇ ಉಳಿಸಿಕೊಂಡದ್ದರಲ್ಲಿ ಒಂದು ದಿನವೂ ಇದೆ. ಶಕವರ್ಷದ ಹೊಸ ವರ್ಷ, ನ್ಯೆಪಿ. ಅಂದು ದೀಪವಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿ ಹೋಟೆಲಿನ ಕಾಂಪೌಂಡು ದಾಟುವಂತಿಲ್ಲ. ದಾಟಿದರೆ ಊರ ಕಾವಲಿನ ಪೆಚಲಾಂಗ್‌ಗಳು ವಾಪಸು ಕಳಿಸುತ್ತಾರೆ. 2023ರಲ್ಲಿ ಅದು ಮಾರ್ಚ್ 22ಕ್ಕೆ, ನಮ್ಮ ಯುಗಾದಿಯ ದಿನವೇ ಬಿತ್ತು. ಆದ್ದರಿಂದ ಯುಗಾದಿಯ ಸಾಲು ರಜೆಗೆ ಬಾಲಿ ಬುಕ್ ಮಾಡುವವರು ದಯವಿಟ್ಟು ಪಂಚಾಂಗ ನೋಡಿಕೊಂಡು ಮಾಡಿ.