ಆ ಕಿಟಕಿ ಮುಚ್ಚಬೇಡಿ ಮೇಷ್ಟ್ರೇ

ಈ ಕಡೆ ಬನ್ನಿ ಮೇಷ್ಟ್ರೇ, ನುಗ್ಗೇಮರದ ನೆರಳಿದೆ. ಮಗ ಬಂದು ಲ್ಯಾಪ್‌ಟಾಪಿಗೆ ಉಬುಂಟು 24.04 ಹಾಕಿಕೊಟ್ಟ ಅಂದ್ರಲ್ಲ, ಒಳ್ಳೇ ಕೆಲಸ ಮಾಡಿದಾನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು ಅಂತ ಅಷ್ಟು ಗಟ್ಟಿಮುಟ್ಟಾದ ಯಂತ್ರ ಅಟ್ಟ ಸೇರಬೇಕಾಗಿರಲಿಲ್ಲ. ಆದರೆ ‘ಅಪ್‌ಡೇಟ್ ಬಂದಿದೆ’ ಅಂತ ಕಿಟಕಿ ತೆರೆದಾಗೆಲ್ಲ ‘ಆಮೇಲೆ’ ಒತ್ತಿ ಮುಚ್ಚಿಬಿಡ್ತೀರಂತೆ. ಅದು ಬೇಡ ಮೇಷ್ಟ್ರೇ.

ಹಾಕಿದರೆ ಇರೋದೂ ಕೆಡುತ್ತೆ ಅನ್ನೋ ಹೆದರಿಕೆ ನನಗೂ ಅರ್ಥ ಆಗುತ್ತೆ. ಫೋನಿನಲ್ಲಿ ಹಾಗೇ ಆಗುತ್ತಲ್ಲ, ಬೆಳಗ್ಗೆ ಎದ್ದರೆ ಬಟನ್ನೆಲ್ಲ ಜಾಗ ಬದಲಾಯಿಸಿರುತ್ತೆ. ಇಲ್ಲಿನ ಪದ್ಧತಿ ಬೇರೆ. 2024ರ ಏಪ್ರಿಲ್‌ನಲ್ಲಿ 24.04 ಹೊರಬಂದಾಗ ಯಾವ ತಂತ್ರಾಂಶ ಯಾವ ಆವೃತ್ತಿಯಲ್ಲಿತ್ತೋ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ. ಆಮೇಲೆ ಎಲ್ಲಾದರೂ ದೋಷ ಸಿಕ್ಕಿದರೆ ಆ ದೋಷದ ತಿದ್ದುಪಡಿಯನ್ನಷ್ಟೇ ಅದೇ ಹಳೇ ಆವೃತ್ತಿಗೆ ಹೊಂದಿಸಿ ಕಳಿಸ್ತಾರೆ. ಹೊಸ ವೇಷ ಹಾಕಿಸೋದು ಅವರ ಉದ್ದೇಶ ಅಲ್ಲ. ಬ್ರೌಸರಿನಂಥ ಕೆಲವನ್ನು ಮಾತ್ರ ಹಾಗೆ ಇಟ್ಟುಕೊಳ್ಳೋಕಾಗಲ್ಲ. ನಿಮ್ಮ ಫೈರ್‌ಫಾಕ್ಸ್ ಸ್ನ್ಯಾಪ್ ಅನ್ನೋ ಬೇರೆ ದಾರಿಯಲ್ಲಿ ಬರುತ್ತೆ, ತಾನೇ ಹೊಸದಾಗುತ್ತೆ, ಅದರ ಚಿಂತೆ ಬಿಡಿ.

ಸರಿ, ಇದೆಲ್ಲ ಎಲ್ಲಿಂದ ಬರುತ್ತೆ ಅಂದ್ರಾ? ರೆಪೊಸಿಟರಿಯಿಂದ, ಅಂದರೆ ತಂತ್ರಾಂಶದ ಭಂಡಾರದಿಂದ. ಉಬುಂಟುವಿಗೆ ತಳಹದಿ ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ್ದು. ಈಗ ಅದರ ಭಂಡಾರದಲ್ಲಿ 60,000ಕ್ಕೂ ಹೆಚ್ಚು ಪ್ಯಾಕೇಜುಗಳಿವೆ, ಒಂದೊಂದನ್ನೂ ಯಾರೋ ಹೊಣೆ ಹೊತ್ತು ನೋಡಿಕೊಳ್ತಾರೆ. ಮೊದಲೆಲ್ಲ ಒಂದು ಪ್ಯಾಕೇಜು ಹಾಕೋಕೆ ಹೋದರೆ ಅದು ಇನ್ನೊಂದನ್ನ ಕೇಳೋದು, ಅದು ಮತ್ತೊಂದನ್ನ. 1999ರ ಡೆಬಿಯನ್ 2.1ರ ಜೊತೆ ಆಪ್ಟ್ ಬಂತು. ಬೇಕಾದ್ದನ್ನೆಲ್ಲ ತಾನೇ ಹುಡುಕಿ ತರೋಕೆ ಶುರುಮಾಡಿತು. ಟರ್ಮಿನಲ್‌ನಲ್ಲಿ ‘ಆಪ್ಟ್ ಅಪ್‌ಡೇಟ್’ ಕೊಟ್ಟು ಕೆಲಸ ಆಯ್ತು ಅಂದುಕೊಳ್ಳೋರು ಬಹಳ. ಅದು ಅಂಗಡಿಯಿಂದ ದರಪಟ್ಟಿ ತರಿಸಿಕೊಂಡ ಹಾಗಷ್ಟೇ. ಸಾಮಾನು ಮನೆಗೆ ಬರಬೇಕಾದರೆ ಆಮೇಲೆ ‘ಆಪ್ಟ್ ಅಪ್‌ಗ್ರೇಡ್’ ಕೊಡಬೇಕು. ನಿಮ್ಮ ಆ ಕಿಟಕಿ ಎರಡನ್ನೂ ಒಟ್ಟಿಗೆ ಮಾಡುತ್ತೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಸಹಿಯ ವ್ಯವಸ್ಥೆ. ಪ್ರತಿ ಪ್ಯಾಕೇಜಿಗೂ ಒಂದು ಗಣಿತದ ಬೆರಳಚ್ಚು ಇರುತ್ತೆ. ಅವನ್ನೆಲ್ಲ ಬರೆದ ಪಟ್ಟಿಗೂ ಒಂದು ಬೆರಳಚ್ಚು. ಅದನ್ನೊಳಗೊಂಡ ‘ರಿಲೀಸ್’ ಅನ್ನೋ ಕಡತದ ಮೇಲೆ ಭಂಡಾರದವರ ಕೀಲಿಯ ಸಹಿ. ಆ ಸಹಿಯನ್ನ ಪರೀಕ್ಷೆ ಮಾಡೋ ಕೀಲಿ ಉಬುಂಟು ಹಾಕಿದ ದಿನವೇ ನಿಮ್ಮ ಯಂತ್ರದಲ್ಲಿ ಕೂತಿದೆ. ಹಾಗಾಗಿ ಕಡತ ಭಂಡಾರದ ನಕಲು ಇಟ್ಟಿರೋ ಯಾವ ಕಾಲೇಜಿನ ಮಿರರ್‌ನಿಂದ ಬಂದರೂ ಸರಿ, ನಡುವೆ ಒಂದೇ ಒಂದಕ್ಷರ ಬದಲಾಗಿದ್ದರೂ ಆಪ್ಟ್ ಅದನ್ನ ಒಳಗೆ ಬಿಟ್ಟುಕೊಳ್ಳಲ್ಲ.

ಸಹಿ ಹಾಕೋರ ಕೈಗೇ ಕೆಟ್ಟ ಸರಕು ಬಂದರೆ? ಸರಿಯಾಗೇ ಕೇಳಿದ್ರಿ, ಬಂದಿತ್ತು. ಎಕ್ಸ್‌ಜಡ್ ಅಂತ, ಕಡತಗಳನ್ನ ಕುಗ್ಗಿಸೋ ಸಣ್ಣ ತಂತ್ರಾಂಶ. ಅದರ ಉಸ್ತುವಾರಿಯಲ್ಲಿ ನಿಧಾನವಾಗಿ ವಿಶ್ವಾಸ ಗಳಿಸಿದವರೊಬ್ಬರು ಒಳಗೆ ಕಳ್ಳದಾರಿ ಇಟ್ಟಿದ್ದರು. ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರಿಗೆ ದೂರದ ಯಂತ್ರಕ್ಕೆ ಲಾಗಿನ್ ಆಗೋದು ಸುಮಾರು ಅರ್ಧ ಸೆಕೆಂಡು ತಡ ಅನ್ನಿಸಿತು. ಆ ಅರ್ಧ ಸೆಕೆಂಡನ್ನ ಬಿಡದೆ ಬೆನ್ನುಹತ್ತಿ, 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಡೆಬಿಯನ್ನಿನ ಪ್ರಯೋಗದ ಶಾಖೆಗಳಿಗೆ ಅದು ನುಗ್ಗಿತ್ತು, ಜನ ದಿನನಿತ್ಯ ಬಳಸೋ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ನಿಮ್ಮ 24.04 ಆಗ ತಯಾರಾಗ್ತಿತ್ತು. ಆ ಕೋಡು ಸೇರಿದ ಮೇಲೆ ಕಟ್ಟಿದ ಪ್ಯಾಕೇಜುಗಳನ್ನೆಲ್ಲ ತೆಗೆದುಹಾಕಿ ಹೊಸದಾಗಿ ಕಟ್ಟಿದರು, ಬೀಟಾ ಒಂದು ವಾರ ಮುಂದಕ್ಕೆ ಹೋಯಿತು. ಅವಸರ ಮಾಡದ ಜನರ ಕೈಯಿಂದ ಬಂದದ್ದು ಅಂತ ಆ ಲ್ಯಾಪ್‌ಟಾಪಿನ ಮೇಲೆ ನನಗೆ ನಿಜವಾಗಿ ಗೌರವ.

ಇನ್ನು ಆ ಪಿಪಿಎ ವಿಷಯ. ಯಾರೋ ಹೇಳಿದರು ಅಂತ ಕನ್ನಡ ಟೈಪಿಂಗಿಗೆ ಹೊರಗಿನ ಭಂಡಾರ ಸೇರಿಸಿದೀರಿ. ಪಿಪಿಎ ಯಾರು ಬೇಕಾದರೂ ತೆರೀಬಹುದು. ಪ್ಯಾಕೇಜು ಒಳಗೆ ಬರುವಾಗ ಅದರ ಜೊತೆಗಿನ ಸ್ಕ್ರಿಪ್ಟುಗಳು ಯಂತ್ರದ ಪೂರ್ತಿ ಅಧಿಕಾರದಲ್ಲಿ ಓಡುತ್ತವೆ. ಅಷ್ಟು ಅಧಿಕಾರ ಕೊಡುವ ಮೊದಲು ಅದರ ಹಿಂದಿರೋರು ಯಾರು, ಕೊನೇ ಸಲ ಯಾವಾಗ ತಿದ್ದಿದಾರೆ ನೋಡಲೇಬೇಕು. ನಿಮಗಂತೂ ಅದು ಬೇಕೇ ಇರಲಿಲ್ಲ. ಗುಬ್ಬಿ, ನವಿಲು ಫಾಂಟುಗಳು ಉಬುಂಟುವಿನ ಭಂಡಾರದಲ್ಲೇ ಇವೆ. ಐಬಸ್-ಎಂ17ಎನ್ ಹಾಕಿಕೊಂಡರೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆಯೂ ಸಿಗುತ್ತೆ.

ಅಕಸ್ಮಾತ್ ಕರ್ನಲ್, ಅಂದರೆ ಉಬುಂಟುವಿನ ತಿರುಳು, ಬದಲಾದ ಮೇಲೆ ಯಂತ್ರ ಸರಿಯಾಗಿ ಏಳದಿದ್ದರೆ ಗಾಬರಿ ಬೇಡ. ಹಿಂದಿನ ಕರ್ನಲ್ಲನ್ನ ಅಳಿಸಿರಲ್ಲ. ಯಂತ್ರ ಏಳುವಾಗಿನ ಗ್ರಬ್ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ಅದನ್ನ ಆರಿಸಿದರೆ ಮೊದಲಿನ ಹಾಗೇ ಏಳುತ್ತೆ. ಕೆಲವು ಅಪ್‌ಡೇಟ್ ಪಟ್ಟಿಯಲ್ಲಿದ್ದೂ ಇಳಿಯಲ್ಲ. ಅದನ್ನ ಮೊದಲು ಕೆಲವೇ ಯಂತ್ರಗಳಿಗೆ ಕೊಟ್ಟು ತೊಂದರೆ ಬರುತ್ತಾ ನೋಡ್ತಿರ್ತಾರೆ, ನಿಮ್ಮ ಸರದಿ ಬಂದಾಗ ಬರುತ್ತೆ. ಭದ್ರತೆಯ ತಿದ್ದುಪಡಿಗಳು ಮಾತ್ರ ಹಾಗೆ ಕಾಯಲ್ಲ, ಬಹಳಷ್ಟು ತಾವಾಗೇ ಹಾಕಿಕೊಳ್ಳುತ್ತವೆ. ಆದರೂ ಹೊಸ ಕರ್ನಲ್ ಜಾರಿಗೆ ಬರೋಕೆ ರೀಸ್ಟಾರ್ಟ್ ಬೇಕು. ವಾರಗಟ್ಟಲೆ ಲಿಡ್ ಮಡಚಿ ಇಡ್ತೀರಿ, ಅದಕ್ಕೇ ಹೇಳ್ತಿರೋದು.

ಊಟ ಆದ ಮೇಲೆ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆಗೆದು ‘ಅದರ್ ಸಾಫ್ಟ್‌ವೇರ್’ ಟ್ಯಾಬಿನಲ್ಲಿ ಏನೇನಿದೆ ಬರಕೊಂಡು ಬನ್ನಿ. ಬೇಡದ ಭಂಡಾರದ ಗುರುತು ತೆಗೆದರೆ ಅಲ್ಲಿಂದ ಹೊಸದು ಬರೋದು ನಿಲ್ಲುತ್ತೆ. ಅಲ್ಲಿಂದ ಆಗಲೇ ಬಂದು ಕೂತಿರೋ ಪ್ಯಾಕೇಜುಗಳು ಮಾತ್ರ ಹಾಗೇ ಇರುತ್ತವೆ, ಅವನ್ನ ಬೇರೆಯಾಗೇ ತೆಗೀಬೇಕು. ಅದಕ್ಕೆ ನಾನೇ ಬಂದು ಜೊತೆಗೆ ಕೂರ್ತೀನಿ.