ಬೋರ್ಡಿಲ್ಲದ ಬಸ್ಸು

ಅಕ್ಟೋಬರ್ ಬಂತೆಂದರೆ ಅರಿಜೋನಾ ಕಡೆಯ ಕನ್ನಡದ ಮನೆಗಳಲ್ಲಿ ಒಂದು ಜಗಳ ತಪ್ಪದೆ ಹೊತ್ತಿಕೊಳ್ಳುತ್ತದೆ. ಆರು ತಿಂಗಳಿಗೆಂದು ಬಳ್ಳಾರಿಯಿಂದ ಬಂದ ಅಪ್ಪ-ಅಮ್ಮನಿಗೆ ಅಲ್ಬುಕರ್ಕಿಯ ಬಲೂನು ಹಬ್ಬ ತೋರಿಸದಿದ್ದರೆ ಮಗನಿಗೆ ಋಣ ತೀರಿದಂತಾಗದು. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ, ಮಂಕಿಕ್ಯಾಪು ತೊಡಿಸಿ, ನ್ಯೂ ಮೆಕ್ಸಿಕೋದ ಮರುಭೂಮಿಯ ಚಳಿಯಲ್ಲಿ ನಿಲ್ಲಿಸುತ್ತಾನೆ. ಮೂಡಣ ಕೆಂಪಾಗುತ್ತಿದ್ದಂತೆ ನೂರಾರು ಬಲೂನುಗಳು ಒಟ್ಟಿಗೆ ಏಳುತ್ತವೆ, ಮೊಮ್ಮಕ್ಕಳು ಬಾಯಿ ಬಿಟ್ಟು ನೋಡುತ್ತವೆ. ಅಜ್ಜ ಮಾತ್ರ ಕೇಳುತ್ತಾರೆ: "ಇದು ಎಲ್ಲಿಗೆ ಹೊಂಟೈತಿ?" ಗಾಳಿ ಕರೆದಲ್ಲಿಗೆ ಎನ್ನುತ್ತಾನೆ ಮಗ. "ಎಲ್ಲಿ ಇಳಿಸ್ತಾರ?" ಅದೂ ಗೊತ್ತಿಲ್ಲ. "ಸಿರುಗುಪ್ಪ ಬಸ್ಸಿಗಾದ್ರೂ ಬೋರ್ಡ್ ಇರ್ತೈತಪ್ಪಾ." ಅಷ್ಟೇ. ಅಲ್ಲಿಂದ ಫೀನಿಕ್ಸ್ ತನಕದ 400 ಮೈಲಿ ಕಾರಿನಲ್ಲಿ ಜಿಪಿಎಸ್ ಬಿಟ್ಟರೆ ಇನ್ನಾರೂ ಮಾತಾಡುವುದಿಲ್ಲ. ಈ ವ್ಯಾಜ್ಯದಲ್ಲಿ ಗೆಲುವು ಅಜ್ಜನದೇ ಎಂಬುದು ನನ್ನ ವಾದ.

ಮೊದಲಿಗೆ ಚರಿತ್ರೆಯ ಸಾಕ್ಷಿ. 1783ರ ಸೆಪ್ಟೆಂಬರಿನಲ್ಲಿ ಮೊಂಗೋಲ್ಫಿಯೇ ಸಹೋದರರ ಬಲೂನು ವರ್ಸೈಲಿನಲ್ಲಿ ಎದ್ದಾಗ ಬುಟ್ಟಿಯೊಳಗಿದ್ದದ್ದು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ. ಮನುಷ್ಯರನ್ನು ಹತ್ತಿಸುವ ಮಾತು ಬಂದಾಗ ದೊರೆ 16ನೇ ಲೂಯಿ, ಕೈದಿಗಳನ್ನು ಕೂರಿಸಿ ನೋಡಿ ಎಂದನಂತೆ. ಬೋರ್ಡಿಲ್ಲದ ಗಾಡಿಗೆ ಮನೆಯವರನ್ನು ಹತ್ತಿಸಬಾರದೆಂದು ಫ್ರಾನ್ಸಿನ ದೊರೆಗೂ ಹೊಳೆದಿತ್ತು. ಇನ್ನು ಭೂಗೋಳದ ಸಾಕ್ಷಿ. 1972ರಲ್ಲಿ ಒಂದು ಮಾಲಿನ ಪಾರ್ಕಿಂಗ್ ಜಾಗದಲ್ಲಿ 13 ಬಲೂನುಗಳಿಂದ ಶುರುವಾದ ಹಬ್ಬ ಇವತ್ತು 500 ದಾಟಿದ್ದರೆ ಅದರಲ್ಲಿ ಅಲ್ಲಿನ ಗಾಳಿಯ ಪಾಲು ದೊಡ್ಡದು. ಎಷ್ಟೋ ಬೆಳಗುಗಳಲ್ಲಿ ಕೆಳಗಿನ ಗಾಳಿ ದಕ್ಷಿಣಕ್ಕೂ ಮೇಲಿನದು ಉತ್ತರಕ್ಕೂ ಬೀಸುತ್ತದೆ. ಅದನ್ನು 'ಅಲ್ಬುಕರ್ಕಿ ಬಾಕ್ಸ್' ಎನ್ನುತ್ತಾರೆ. ತಗ್ಗಿನಲ್ಲಿ ಹೋಗಿ, ಎತ್ತರಕ್ಕೇರಿ, ಹೊರಟಲ್ಲಿಗೇ ಮರಳಬಹುದು. ಅಂದರೆ ಬಲೂನಿನವರು ಕೂಡ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಗೇ ಉತ್ತರ ಹುಡುಕುತ್ತಿದ್ದಾರೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ನೋಡಿ ಬೆಳೆದವರಿಗೆ ಇದರಲ್ಲಿ ಹೊಸತೇನು? ಎಳೆದೊಯ್ದದ್ದನ್ನು ನೆಲೆಗೆ ತಂದು ನಿಲ್ಲಿಸಿದರೆ ತಾನೇ ಜಾತ್ರೆ ಮುಗಿಯುವುದು.

ಹಿರಿಯರಿಗೆ ಸುಮ್ಮನೆ ಸಂತೋಷಪಡಲು ಬರುವುದಿಲ್ಲ ಎಂಬುದು ಮಕ್ಕಳ ಆಕ್ಷೇಪ. ಇದನ್ನು ಪೂರ್ತಿ ತಳ್ಳಿಹಾಕಲಾಗದು. ಟಿಕೆಟ್ಟಿನ ಡಾಲರನ್ನು ರೂಪಾಯಿಗೆ ಗುಣಿಸಿ ಮುಗಿಸುವಷ್ಟರಲ್ಲಿ ಅರ್ಧ ಬಲೂನುಗಳು ಕಣ್ಮರೆಯಾಗಿರುತ್ತವೆ. ಊರಗಲ ಘಮ್ಮೆನ್ನುವ ಸುಟ್ಟ ಹಸಿಮೆಣಸಿನಕಾಯಿಗೆ ಅಜ್ಜಿ ಆಕಾಶ ಬಿಟ್ಟು ಮೂಗು ತಿರುಗಿಸುತ್ತಾರೆ, ಕುರುಗೋಡಿನ ಮೆಣಸಿನಕಾಯಿ ಹೊಲಗಳ ಮುಂದೆ ಇದರದೇನು ಖಾರ ಎಂದು ತೀರ್ಪನ್ನೂ ಕೊಡುತ್ತಾರೆ. ಆದರೆ ಬಿಸಿಗಾಳಿಯ ವಿಷಯದಲ್ಲಿ ಬಳ್ಳಾರಿಯವರಿಗೆ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದಂತೆ. ಬಲೂನನ್ನು ಎತ್ತುವುದು ಬರೀ ಬಿಸಿಯಲ್ಲ, ಒಳಗಿನ ಮತ್ತು ಹೊರಗಿನ ಬಿಸಿಯ ಅಂತರ. ಚುಮುಚುಮು ಚಳಿಯಲ್ಲೇ ಹಾರಿಸುವುದಕ್ಕೆ ಅದೂ ಒಂದು ಕಾರಣ. ಮೇ ತಿಂಗಳ ಬಳ್ಳಾರಿಯಲ್ಲಿ ಮನುಷ್ಯನ ಒಳಗಿನ ಕಾವೂ ಹೊರಗಿನ ಕಾವೂ ಸರಿಸಮ, ಆದ್ದರಿಂದ ಅವನು ವಗ್ಗರಣಿ-ಮಿರ್ಚಿ ತಿಂದು ನೆಲದ ಮೇಲೇ ಇರುತ್ತಾನೆ. ಅವನನ್ನೇ ತಂಪು ದೇಶಕ್ಕೆ ಕಳಿಸಿ, ತಾನಾಗಿ ಮೇಲೇಳುತ್ತಾನೆ.

ಈಗ ಮಕ್ಕಳು ಬಿಡುವ ಕೊನೆಯ ಬಾಣ: ಅಷ್ಟು ಎಚ್ಚರದವರು ಇಪ್ಪತ್ತೆರಡರ ಹುಡುಗನನ್ನು ಎರಡು ಸೂಟ್‌ಕೇಸಿನ ಜತೆ ವಿಮಾನ ಹತ್ತಿಸಿದಾಗ ಬೋರ್ಡ್ ಓದಿದ್ದಿರಾ? ಇದಕ್ಕೆ ಅಜ್ಜನ ಬಳಿ ಉತ್ತರವಿಲ್ಲ. ವಿಮಾನಕ್ಕೇನೋ ಬೋರ್ಡಿತ್ತು, ಹುಡುಗನಿಗಿರಲಿಲ್ಲ. ಎರಡು ವರ್ಷ ಅಂದವನು ಗಾಳಿ ಹಿಡಿದು ಎಲ್ಲೋ ಇಳಿದ. ಆದರೆ ಪ್ರತಿ ಬಲೂನಿಗೂ ನೆಲದ ಮೇಲೊಂದು ಹಿಂಬಾಲಿಸುವ ಗಾಡಿ ಇರುತ್ತದೆ. ಮೇಲೆ ನೋಡುತ್ತ, ರಸ್ತೆ ತಪ್ಪುತ್ತ, ಇಳಿದ ಜಾಗ ಹುಡುಕಿ ಬಟ್ಟೆ ಮಡಚಿ ತುಂಬಿಕೊಂಡು ಬರುವುದೇ ಅದರ ಕಸುಬು. ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು, ಮೊಣಕಾಲು ನೋವಿನ ಗುಳಿಗೆ ನುಂಗಿ, ಹದಿನೆಂಟು ತಾಸು ವಿಮಾನದಲ್ಲಿ ಕೂತು ಬರುವವರ ಕಸುಬೂ ಅದೇ. ಹಾಗಾಗಿ ಅಜ್ಜ ಬಲೂನು ಹತ್ತಲು ಒಪ್ಪದಿದ್ದರೆ ಒತ್ತಾಯ ಬೇಡ. ಕೆಳಗಿನ ಗಾಡಿಯ ಮುಂದಿನ ಸೀಟಿಗೆ ಅವರು ಎಂದೋ ಟವೆಲ್ ಹಾಕಿ ಹಿಡಿದಿದ್ದಾರೆ.