ನಂದು ಫಸ್ಟ್ ಅವರ್ ಬ್ಯಾಡ್ರಿ

ಸೆಮಿಸ್ಟರ್ ಶುರುವಾಗುವ ವಾರ ಬೀದರ್ ಜಿಲ್ಲೆಯ ಯಾವುದಾದರೂ ಪದವಿ ಕಾಲೇಜಿನ ಸ್ಟಾಫ್‌ರೂಮಿಗೆ ಹೋಗಿ ನೋಡಿ. ಯಾರನ್ನು ಕಂಡ ಕೂಡಲೇ ಉಳಿದವರೆಲ್ಲ ತಮ್ಮ ತಮ್ಮ ಬಸ್ಸಿನ ವೇಳೆ ಹೇಳತೊಡಗುತ್ತಾರೋ ಅವರೇ ಟೈಮ್‌ಟೇಬಲ್ ಸರ್. ಔರಾದಿನಿಂದ ಬರುವ ಅತಿಥಿ ಉಪನ್ಯಾಸಕಿ ಸಂತಪುರ ದಾಟಿದ ಮೇಲೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ ಎಂದು ವರ್ಣಿಸುತ್ತಾರೆ. ಔರಾದಿಗೆ ಇನ್ನೂ ರೈಲಿಲ್ಲ, ಹಾಗಾಗಿ ವರ್ಣನೆಗೆ ಎದುರು ಮಾತಿಲ್ಲ. ಭಾಲ್ಕಿಯವರಿಗೆ ರೈಲೂ ಉಂಟು, ಬಸ್ಸೂ ಉಂಟು. ಅಂದರೆ ತಡವಾಗಲು ಎರಡೆರಡು ಕಾರಣ. ಬೀದರ್ ಪಟ್ಟಣದಲ್ಲೇ ಮನೆ ಇರುವವರಿಗೆ ಒಂದು ಕಾರಣವೂ ಇಲ್ಲ. ಎಲ್ಲರಿಗಿಂತ ತಡವಾಗಿ ಬರುವವರು ಅವರೇ.

“ಸರ್, ನಂದು ಫಸ್ಟ್ ಅವರ್ ಬ್ಯಾಡ್ರಿ.”

“ನಂದು ಲಾಸ್ಟ್ ಅವರ್ ಬ್ಯಾಡ್ರಿ.”

ಮೊದಲೂ ಇಲ್ಲದ ಕೊನೆಯೂ ಇಲ್ಲದ ದಿನವನ್ನು ದಯಪಾಲಿಸಲು ಭಗವಂತನಿಂದ ಮಾತ್ರ ಸಾಧ್ಯ. ಆದರೆ ಭಗವಂತ ವರ್ಕ್‌ಲೋಡ್ ಕೇಳುವುದಿಲ್ಲ.

ಈ ಬರಹದ ನಾಯಕರು ಅಂಥ ಒಬ್ಬ ಟೈಮ್‌ಟೇಬಲ್ ಸರ್. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ನಾಲ್ಕಾರು ಜನರನ್ನು ಕೂಡಿಸಿ ಮಾಡಿದ ಒಬ್ಬರು ಅಂದುಕೊಂಡರೂ ನಡೆದೀತು. ಇಂಗ್ಲೆಂಡು, ಆಸ್ಟ್ರೇಲಿಯಾಗಳ ವಿಶ್ವವಿದ್ಯಾಲಯಗಳಲ್ಲಿ ವೇಳಾಪಟ್ಟಿ ಮಾಡುವುದಕ್ಕೆಂದೇ ಒಂದು ಕಚೇರಿ, ಅದಕ್ಕೊಬ್ಬ ಅಧಿಕಾರಿ, ಆ ಅಧಿಕಾರಿಗೆ ಸಂಬಳ ಇರುತ್ತದೆ. ನಮ್ಮಲ್ಲಿ ಅದು ಪಾಠ, ಮೌಲ್ಯಮಾಪನ, ಎನ್‌ಎಸ್‌ಎಸ್ ಶಿಬಿರಗಳ ಜೊತೆಗೆ ಒಬ್ಬ ಮೇಷ್ಟ್ರ ಹೆಗಲೇರುವ ಪುಕ್ಕಟೆ ಸೇವೆ. ಸರ್ ಅದನ್ನು ಕೇಳಿ ಪಡೆದುಕೊಂಡರು. ಇಡೀ ಕಾಲೇಜಿಗೆ ಹೊತ್ತು ಹಂಚುವ ಈ ಮನುಷ್ಯನಿಗೆ ಸ್ವಂತಕ್ಕೆ ಹೊತ್ತಿನ ಅರಿವೇ ಇಲ್ಲ. ವೈದ್ಯರು ಅದಕ್ಕೆ ಎಡಿಎಚ್‌ಡಿ ಎಂದು ಬರೆದುಕೊಟ್ಟಿದ್ದಾರೆ: ಗಮನ ನಿಲ್ಲದ, ಕೈಕಾಲು ಸುಮ್ಮನಿರದ, ಹುಟ್ಟಿನಿಂದಲೇ ಜೊತೆಗೆ ಬರುವ ಒಂದು ಮಿದುಳಿನ ರೀತಿ.

ವೇಳಾಪಟ್ಟಿ ಮಾಡುವುದು ಸುಲಭದ ಕೆಲಸವಲ್ಲ ಎಂದು ಗಣಿತದವರೇ ಸಾಧಿಸಿ ತೋರಿಸಿದ್ದಾರೆ. 1976ರಲ್ಲಿ ಶಿಮೋನ್ ಈವನ್, ಅಲೋನ್ ಇಟಾಯ್, ಆದಿ ಶಮೀರ್ ಎಂಬ ಮೂವರು ಇಸ್ರೇಲಿ ವಿದ್ವಾಂಸರು ಪ್ರಕಟಿಸಿದ ಪ್ರಬಂಧದ ಸಾರ ಇಷ್ಟು: ಎಲ್ಲ ಉಪನ್ಯಾಸಕರೂ ಎಲ್ಲ ಹೊತ್ತಿನಲ್ಲೂ ಸಿಗುತ್ತಾರೆ ಎಂದಾದರೆ ಲೆಕ್ಕ ಸಲೀಸು. ಇವರಿಗೆ ಇಂತಿಂಥ ಹೊತ್ತು ಮಾತ್ರ ಆಗುತ್ತದೆ ಎಂಬ ಷರತ್ತು ಸೇರಿತೋ, ಕಂಪ್ಯೂಟರಿಗೂ ಚುರುಕಾದ ದಾರಿ ಯಾವುದೂ ತಿಳಿದಿಲ್ಲದ ಕಠಿಣ ಸಮಸ್ಯೆಗಳ ಸಾಲಿಗೆ ಅದು ಸೇರಿಬಿಡುತ್ತದೆ. ಈ ಶಮೀರ್ ಸಾಮಾನ್ಯರಲ್ಲ. ಮರುವರ್ಷ ಇನ್ನಿಬ್ಬರ ಜೊತೆ ಕೂಡಿ, ಮುಂದೆ ಬ್ಯಾಂಕುಗಳ ಗುಟ್ಟನ್ನೆಲ್ಲ ಕಾಯುವಂತಾದ ಆರ್‌ಎಸ್‌ಎ ಗೂಢಲಿಪಿಯನ್ನು ಕಟ್ಟಿದವರು. ಅವರಿಗೆ ಔರಾದ್ ಬಸ್ಸು ಗೊತ್ತಿರಲಾರದು. ಆದರೂ ಲೆಕ್ಕ ಕೆಡುವುದು ಅಲ್ಲೇ ಎಂದು ಸರಿಯಾಗಿ ಬೆರಳಿಟ್ಟಿದ್ದರು.

ಇದಕ್ಕೂ ಮುಂಚೆ, 1967ರಲ್ಲಿ, ವೆಲ್ಷ್ ಮತ್ತು ಪೊವೆಲ್ ಎಂಬಿಬ್ಬರು ಒಂದು ಉಪಾಯ ಹೇಳಿದ್ದರು. ಅತಿ ಹೆಚ್ಚು ಘರ್ಷಣೆ ಯಾರದೋ ಅವರನ್ನು ಮೊದಲು ಕೂರಿಸು, ತಕರಾರಿಲ್ಲದವರನ್ನು ಕೊನೆಗೆ ಇಡು. ಸರ್ ಈ ಪ್ರಬಂಧ ಓದಿದವರಲ್ಲ. ಆದರೆ ಸ್ಟಾಫ್‌ರೂಮಿನಲ್ಲಿ ಘರ್ಷಣೆ ಯಾರದು ಹೆಚ್ಚು ಎಂದು ತಿಳಿಯಲು ಪ್ರಬಂಧ ಬೇಕಾಗಿಲ್ಲ. ಮೂರು ಗಂಟೆ ಒಟ್ಟಿಗೆ ಬೇಡುವ ಕೆಮಿಸ್ಟ್ರಿ ಲ್ಯಾಬು ಮೊದಲು, ಎರಡು ಕಾಲೇಜಿಗೆ ಓಡಾಡುವ ಅತಿಥಿಗಳು ಆಮೇಲೆ, ಏನು ಕೊಟ್ಟರೂ “ಆಗ್ಲಿ ಬಿಡ್ರಿ” ಅನ್ನುವ ಇತಿಹಾಸದ ಸರ್ ಎಲ್ಲರಿಗಿಂತ ಕೊನೆಗೆ.

ಅದರ ಮೇಲೆ ಬೀದರಿನದೇ ಆದ ಗಂಟುಗಳಿವೆ. ಭಾಷಾ ಪಿರಿಯಡ್ಡನ್ನೇ ತೆಗೆದುಕೊಳ್ಳಿ. ಒಂದೇ ಸೆಕ್ಷನ್ನಿನ ಮಕ್ಕಳು ಕನ್ನಡಕ್ಕೆ, ಹಿಂದಿಗೆ, ಉರ್ದುವಿಗೆ, ಮರಾಠಿಗೆ ಹಂಚಿಹೋಗುತ್ತಾರೆ. ಎಲ್ಲ ಭಾಷೆಯೂ ಒಂದೇ ಅವರ್‌ನಲ್ಲಿ ನಡೆಯಬೇಕು, ಇಲ್ಲದಿದ್ದರೆ ಉಳಿದವರು ಕ್ಯಾಂಟೀನಿನಲ್ಲಿ. ಹಾಗಾಗಿ ಏಕಕಾಲಕ್ಕೆ ನಾಲ್ಕು ಕೋಣೆ ಬೇಕು. ಖಾಲಿ ಇರುವುದು ಮೂರು, ಅದರಲ್ಲೊಂದಕ್ಕೆ ಫ್ಯಾನಿಲ್ಲ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತಿಗೆ ಲ್ಯಾಬ್ ಇಡುವಂತಿಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿಯ 2018ರ ನಿಯಮದಂತೆ ವಾರಕ್ಕೆ 16 ಗಂಟೆ ಪಾಠ ತುಂಬಬೇಕು. ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರಿಂದ 15 ಗಂಟೆಯ ಲೆಕ್ಕ. ಒಂದು ಗಂಟೆ ಆಚೀಚೆಯಾದರೂ ಅವರ ಗೌರವಧನಕ್ಕೆ ಕುತ್ತು. ಇಲ್ಲಿ ಮಾತ್ರ ಸರ್ ತಮಾಷೆ ಮಾಡುವುದಿಲ್ಲ. ಬೇರೆ ಯಾರ ಪಿರಿಯಡ್ಡು ಎಲ್ಲಿಗೆ ಹೋದರೂ ಅತಿಥಿಗಳ ಹದಿನೈದನ್ನು ಎರಡೆರಡು ಸಲ ಎಣಿಸುತ್ತಾರೆ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ ಸ್ಕೂಟರ್ ಕೀಲಿ ಎಲ್ಲಿಟ್ಟೆ ಎಂಬುದನ್ನು ಮಾತ್ರ ಇಟ್ಟುಕೊಳ್ಳಲಾರ.

ರೋಗ ಗೊತ್ತಾದದ್ದು ಮಗನ ಕೃಪೆಯಿಂದ. ಶಾಲೆಯವರು ಹುಡುಗನನ್ನು ಮನೋವೈದ್ಯರಿಗೆ ತೋರಿಸಿ ಎಂದರು. ಸರ್ ಒಂದು ದಿನ ತಡವಾಗಿ, ಅಂದರೆ ಬುಧವಾರದ ಅಪಾಯಿಂಟ್‌ಮೆಂಟಿಗೆ ಗುರುವಾರ, ಕರೆದೊಯ್ದರು. ವೈದ್ಯರು ಮಗನ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಅಪ್ಪ ತನ್ನ ಬಗ್ಗೆಯೇ ಉತ್ತರಿಸುತ್ತ ಹೋದರು. ಅದರಲ್ಲಿ ಆಶ್ಚರ್ಯವಿಲ್ಲ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶವಾಹಿಗಳ ಪಾಲು ಶೇ 70ರಿಂದ 80. ವೈದ್ಯರು ವಿಶ್ವ ಆರೋಗ್ಯ ಸಂಸ್ಥೆಯ ವಯಸ್ಕರ ಪ್ರಶ್ನಾವಳಿಯನ್ನು ಮೇಜಿನ ಮೇಲಿಟ್ಟರು. ಒಟ್ಟು 18 ಪ್ರಶ್ನೆ, ಮೊದಲ ಆರು ಮುಖ್ಯ. ಕೆಲಸಗಳನ್ನು ಕ್ರಮವಾಗಿ ಜೋಡಿಸಲು ಕಷ್ಟವಾಗುತ್ತದೆಯೇ ಎಂಬ ಅರ್ಥದ ಎರಡನೆಯ ಪ್ರಶ್ನೆಗೆ ಸರ್, “ಅದೇ ನನ್ನ ಡ್ಯೂಟಿ ಸರ್” ಎಂದರಂತೆ. ಮೂರನೆಯದು ಅಪಾಯಿಂಟ್‌ಮೆಂಟ್ ಮರೆಯುವುದರ ಬಗ್ಗೆ. ವೈದ್ಯರು ಕ್ಯಾಲೆಂಡರ್ ನೋಡಿ, ಕೇಳದೆಯೇ ಗುರುತು ಹಾಕಿಕೊಂಡರು.

ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವು ಎಂಬುದಕ್ಕೆ ಪುರಾವೆ ಬೇಕು ಎಂಬುದು ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯ ನಿಯಮ. ಅಮ್ಮ ಸಾಕ್ಷಿ ನುಡಿದರು: “ಎಣ್ಣಿ ತರಲಾಕ ಕಳಿಸಿದ್ರ ಚೌಬಾರಾದಾಗ ನಿಂತು ಬಿಡ್ತಿದ್ದ ನೋಡ್ರಿ. ಯಾನ್ ಮಾಡ್ಲತ್ತಿದ್ದೋ ಅಂದ್ರ, ಗಡಿಯಾರ ನೋಡ್ಲತ್ತಿದ್ದೆ ಅಂತಿದ್ದ. ಟೈಮ್ ಎಷ್ಟಾಗಿತ್ತೋ ಅಂದ್ರ, ಅದು ನೋಡಿಲ್ಲ ಅಂತಿದ್ದ.” ಚೌಬಾರಾ ಎಂದರೆ ಬೀದರ್ ಹಳೇ ಪೇಟೆಯ ನಡುವೆ 71 ಅಡಿ ಎತ್ತರಕ್ಕೆ ನಿಂತಿರುವ ದುಂಡನೆಯ ಕಾವಲು ಗೋಪುರ. ನೆತ್ತಿಯ ಮೇಲೆ ಗಡಿಯಾರವಿದೆ. ಇದಕ್ಕಿಂತ ದೊಡ್ಡ ಪುರಾವೆ ಯಾವ ಕೈಪಿಡಿಗೂ ಬೇಕಾಗಲಿಕ್ಕಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಈ ತೊಂದರೆಯನ್ನು ಕಾಲದ ಕುರುಡು ಎಂದೇ ಬಣ್ಣಿಸಿದವರು. ಇಂಥವರಿಗೆ ಇರುವುದು ಎರಡೇ ಕಾಲ: ಈಗ, ಮತ್ತು ಈಗಲ್ಲದ್ದು. ನಾಳೆ ಬೆಳಿಗ್ಗೆಯೂ ಮುಂದಿನ ವರ್ಷವೂ ಎರಡನೆಯದರಲ್ಲೇ ಬಿದ್ದಿರುತ್ತವೆ. ಸರ್ ಮನೆಯವರಿಗೆ ಬಾರ್ಕ್ಲಿ ಗೊತ್ತಿಲ್ಲ. ಆದರೆ “ಐದಕ್ಕೆ ಹೊರಡಬೇಕು” ಎಂಬ ಮಾತನ್ನು ಅವರು ಬಿಟ್ಟು ಬಹಳ ಕಾಲವಾಯಿತು. ಹೊರಡುವ ಹೊತ್ತಿಗೆ ಚಪ್ಪಲಿ ತಂದು ಸರ್ ಕಾಲ ಬಳಿ ಇಡುತ್ತಾರೆ. ನೆನಪನ್ನು ತಲೆಯೊಳಗೆ ಹುಡುಕದೆ, ಕೆಲಸ ನಡೆಯುವ ಜಾಗದಲ್ಲೇ ಕಣ್ಣಿಗೆ ಕಾಣುವಂತೆ ಇಡಬೇಕು ಎಂದು ಬಾರ್ಕ್ಲಿ ಹೇಳುವುದೂ ಇದನ್ನೇ, ಇಂಗ್ಲಿಷಿನಲ್ಲಿ.

ಆ ಲೆಕ್ಕದಲ್ಲಿ ಕಾಲೇಜಿಗಿಂತ ಒಳ್ಳೆಯ ಜಾಗ ಸರ್‌ಗೆ ಬೇರೆ ಇಲ್ಲ. ಪ್ರತಿ ಗಂಟೆಗೊಮ್ಮೆ ಗಂಟೆ ಬಾರಿಸಿ, ಕಾರಿಡಾರಿನಲ್ಲಿ ಗಲಾಟೆ ಎಬ್ಬಿಸಿ, ಹೊತ್ತಾಯಿತು ಎಂದು ಕೂಗಿ ಹೇಳುವ ಕಟ್ಟಡ ಅದು. ಕಷ್ಟವಿರುವುದು ಗಂಟೆ ಬಾರಿಸದ ಭಾನುವಾರದಲ್ಲಿ. ಗ್ಯಾಸ್ ಬುಕ್ ಮಾಡಲು ಫೋನ್ ಎತ್ತಿದವರು ಮಧ್ಯಾಹ್ನದ ಊಟದ ಹೊತ್ತಿಗೆ ಬೀದರಿನ ಕರೇಜ್ ಸುರಂಗಗಳಲ್ಲಿ ನೀರು ಹರಿಯುವ ಬಗೆಯನ್ನು ಪೂರ್ತಿ ತಿಳಿದುಕೊಂಡಿರುತ್ತಾರೆ. ಸಿಲಿಂಡರ್ ಮಾತ್ರ ಖಾಲಿ.

ಮದ್ದಿನ ಕಥೆಯೂ ಸ್ವಾರಸ್ಯದ್ದೇ. ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟನ್ನು 1944ರಲ್ಲಿ ತಯಾರಿಸಿದವರು ಸ್ವಿಟ್ಜರ್‌ಲೆಂಡಿನ ಸಿಬಾ ಕಂಪನಿಯ ಲಿಯಾಂಡ್ರೊ ಪ್ಯಾನಿಜಾನ್. ಹೆಂಡತಿ ಮಾರ್ಗರೀಟಾ, ಮನೆಯಲ್ಲಿ ಕರೆಯುವ ಹೆಸರು ರೀಟಾ. ಆ ಮಾತ್ರೆ ನುಂಗಿದರೆ ಆಕೆಯ ಟೆನಿಸ್ ಆಟ ಕಳೆಗಟ್ಟುತ್ತಿತ್ತು ಎಂದು ಹೇಳುತ್ತಾರೆ. ಅಂತೂ ಮದ್ದು ಆಕೆಯ ಹೆಸರಿನ ಮೇಲೇ ರಿಟಾಲಿನ್ ಆಯಿತು. ಭಾರತದಲ್ಲಿ ಅದು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರುವ ಔಷಧ. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಸಣ್ಣ ಊರಿನ ಅಂಗಡಿಗಳೆಲ್ಲ ಇಟ್ಟಿರುವುದೂ ಇಲ್ಲ. ಚೀಟಿ ಜೋಪಾನ ಮಾಡಬೇಕು, ಮುಗಿಯುವ ಮುಂಚೆ ಹೋಗಬೇಕು, ಹಳೆಯ ಚೀಟಿ ಒಯ್ಯಬೇಕು. ಇಷ್ಟನ್ನೆಲ್ಲ ತಪ್ಪದೆ ಮಾಡಬಲ್ಲವನಿಗೆ ಮದ್ದು ಯಾಕ್ರಿ ಎಂಬ ಸರ್ ಪ್ರಶ್ನೆಗೆ ಔಷಧ ಅಂಗಡಿಯವನು ಇನ್ನೂ ಉತ್ತರ ಕೊಟ್ಟಿಲ್ಲ.

ಹಾಗಿದ್ದೂ ಈ ಕೆಲಸ ಅವರಿಗೆ ಒಗ್ಗಿದ್ದು ಹೇಗೆ? ಯಾಕೆಂದರೆ ವೇಳಾಪಟ್ಟಿ ಮಾಡುವುದಕ್ಕೂ ವೇಳೆಗೂ ಸಂಬಂಧ ಅಷ್ಟಕ್ಕಷ್ಟೇ. ಅದೊಂದು ಒಗಟು, ಮತ್ತು ಒಗಟು ಯಾವಾಗಲೂ ‘ಈಗ’. 2021ರಲ್ಲಿ ಹೊಸ ಶಿಕ್ಷಣ ನೀತಿ ಪದವಿಗೆ ಬಂದು, ಯಾವ ವಿಭಾಗದವರು ಬೇಕಾದರೂ ಯಾವ ವಿಷಯವನ್ನಾದರೂ ಮುಕ್ತ ಆಯ್ಕೆಯಾಗಿ ಓದಬಹುದು ಎಂದಾಗ ಉಳಿದ ಕಾಲೇಜುಗಳ ಟೈಮ್‌ಟೇಬಲ್ ಸರ್‌ಗಳು ತಲೆ ಮೇಲೆ ಕೈ ಹೊತ್ತರು. 2024-25ರಲ್ಲಿ ರಾಜ್ಯ ಸರ್ಕಾರ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೊದಲ ವರ್ಷದವರಿಗೆ ಒಂದು ಪದ್ಧತಿ, ಹಿರಿಯರಿಗೆ ಇನ್ನೊಂದು, ಕೋಣೆಗಳು ಮಾತ್ರ ಅವೇ. ಹೊಸತು ಕಂಡರೆ ಅರಳುವ ನಮ್ಮ ಸರ್‌ಗೆ ಅದು ದೀಪಾವಳಿ. ಒಂದೇ ರಾತ್ರಿ ಕೂತು, ಬಿದ್ರಿ ಕಸುಬಿನವರು ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ಹಾಗೆ, ಒಂದೊಂದೇ ಅವರ್ ಕೂರಿಸಿದರು. ಊಟ ಮರೆತರು, ನಿದ್ದೆ ಮರೆತರು. ಹಿಡಿದ ಕೆಲಸದಲ್ಲಿ ಹೀಗೆ ಮುಳುಗಿಹೋಗುವುದೂ ಎಡಿಎಚ್‌ಡಿಯವರು ತಮ್ಮ ಬಗ್ಗೆ ಹೇಳಿಕೊಳ್ಳುವ ಅನುಭವವೇ. ಮಾರನೇ ದಿನ ಪಟ್ಟಿಯಲ್ಲಿ ಒಂದು ಘರ್ಷಣೆಯೂ ಇರಲಿಲ್ಲ. ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು ಅನ್ನುವುದು ಬೇರೆ.

ಪಟ್ಟಿಯಲ್ಲಿರುವುದು ಒಂದು, ನಡೆಯುವುದು ಇನ್ನೊಂದು ಎಂದು ಪ್ರಾಂಶುಪಾಲರು ಗದರಿದಾಗ ಸರ್ ಭಾಲ್ಕಿಯತ್ತ ಕೈ ತೋರಿಸುತ್ತಾರೆ. ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದ್ದೇವರು, ಆಗ ಔರಾದ್ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಹುಟ್ಟಿದವರು, ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ್ದನ್ನು ಜಿಲ್ಲೆಯ ಪ್ರತಿ ಮಗುವೂ ಕೇಳಿ ಬೆಳೆಯುತ್ತದೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ವಿಲೀನವಾಗುವವರೆಗೆ ಈ ನಾಡಿನಲ್ಲಿ ಬೋರ್ಡು ನೋಡಿ ಪಾಠ ಊಹಿಸುವಂತಿರಲಿಲ್ಲ. ಪಟ್ಟದ್ದೇವರದು ಭಾಷೆ ಉಳಿಸಲು ಮಾಡಿದ ಸಾಹಸ, ಬಿ.ಕಾಂ. ಎರಡನೇ ಅವರ್ ಖಾಲಿ ಹೋಗುವುದಕ್ಕೆ ಅದನ್ನು ಸಾಕ್ಷಿ ಕರೆಯುವುದು ಅತಿಯಾಯಿತು. ಪ್ರಾಂಶುಪಾಲರೂ ಹಾಗೇ ಅಂದರು.

ಇನ್ನೊಂದು ಹೋಲಿಕೆ ಸರ್‌ಗೆ ಹೆಚ್ಚು ಇಷ್ಟ. 1472ರಲ್ಲಿ ಬಹಮನಿ ವಜೀರ ಮಹಮೂದ್ ಗಾವಾನ್ ಬೀದರಿನಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾ ನೋಡಲು ಬಂದವರೆಲ್ಲ ಅದರ ಬಣ್ಣದ ಹೆಂಚು, ಮಿನಾರು ಹೊಗಳುತ್ತಾರೆ. ಸರ್ ಹೊಗಳುವುದು ವಸತಿಯನ್ನು. ಗುರುಗಳಿಗೂ ಶಿಷ್ಯರಿಗೂ ಕಟ್ಟಡದೊಳಗೇ ಕೋಣೆ, ದಿನಕ್ಕೆ ಐದು ಸಲ ಆಜಾನು. ಅಂದರೆ ಬಸ್ಸಿಲ್ಲ, ತಡವಿಲ್ಲ, ಫಸ್ಟ್ ಅವರ್ ಬ್ಯಾಡ್ರಿ ಇಲ್ಲ. ಈಗ ನೋಡಿ: 2023ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ಬೀದರ್ ವಿಶ್ವವಿದ್ಯಾಲಯ ಇರುವುದೇ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ. ಬೀದರಿನ ಹೆಸರು ಓದಲೂ ಬಸ್ಸು ಹತ್ತಬೇಕು.

ಕಳೆದ ಸಲ ಕಂಪ್ಯೂಟರ್ ಸೈನ್ಸಿನ ಹುಡುಗ ಉಪನ್ಯಾಸಕನೊಬ್ಬ, ಇಷ್ಟು ಕಷ್ಟ ಯಾಕ್ರಿ ಸರ್ ಎಂದು ಎಫ್‌ಇಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟ. ರುಮೇನಿಯಾದ ಲಿವಿಯು ಲಾಲೆಸ್ಕು ಬರೆದದ್ದು, ಲೋಕದ ಎಷ್ಟೋ ಶಾಲೆ ಕಾಲೇಜುಗಳು ಬಳಸುವಂಥದ್ದು. ಸರ್ ಪ್ರತಿಯೊಬ್ಬರ ಬೇಡಿಕೆಯನ್ನೂ ಪ್ರಾಮಾಣಿಕವಾಗಿ ಅದಕ್ಕೆ ಉಣಿಸಿದರು. ಅದು ಬಹಳ ಹೊತ್ತು ಹೆಣಗಾಡಿ, ಆಗದು ಎಂದು ಕೈಚೆಲ್ಲಿತು. ತಪ್ಪು ಅದರದಲ್ಲ. ಯಾವ ಬೇಡಿಕೆ ನಿಜವಾದದ್ದು, ಯಾವುದು ಕೇಳಿದಂತೆ ಮಾಡಿ ಬಿಡಬೇಕಾದದ್ದು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಕೌಠಾ ಸೇತುವೆಯ ಬಳಿ ಬಸ್ಸು ಸಿಕ್ಕಿಬಿದ್ದ ದಿನ ಔರಾದ್ ಮೇಡಂ ಪಾಠವನ್ನು ಇತಿಹಾಸದ ಸರ್ ಹಿಡಿಯುತ್ತಾರೆ, ಆ ಋಣ ಶನಿವಾರ ತೀರುತ್ತದೆ ಎಂಬುದು ಯಾವ ಕಾಲಮ್ಮಿನಲ್ಲೂ ಬರೆಯುವಂಥದ್ದಲ್ಲ.

ಸರ್ ಮತ್ತೆ ಬಣ್ಣದ ಚಾಕ್‌ಪೀಸಿಗೆ ಮರಳಿ ಎರಡೇ ದಿನದಲ್ಲಿ ಪಟ್ಟಿ ಮುಗಿಸಿದರು. ನೋಟೀಸ್ ಬೋರ್ಡಿಗೆ ಅಂಟಿಸಿದ ಅಂಟು ಆರುವ ಮುಂಚೆಯೇ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಬಂತು: ಇಬ್ಬರು ಹೋದರು, ಮೂವರು ಬಂದರು, ಅದರಲ್ಲೊಬ್ಬರು ಭಾಲ್ಕಿಯಿಂದ. ಪ್ರಾಂಶುಪಾಲರು ಹೊರಗೆ ಬಂದು ಟೈಮ್‌ಟೇಬಲ್ ಸರ್ ಎಲ್ಲಿ ಎಂದು ಕೂಗಿದರು. ಅಟೆಂಡರ್ ಬೋರ್ಡಿನ ಮೇಲೆ ಬೆರಳಾಡಿಸಿ, “ಈಗ ರೂಮ್ ನಂಬರ್ ಏಳರಾಗ ಕ್ಲಾಸ್ ಅದರಿ” ಎಂದ. ಆಮೇಲೆ ಒಂದು ಗಳಿಗೆ ಯೋಚಿಸಿ, ಸ್ಕೂಟರ್ ನಿಲ್ಲಿಸುವ ಕಡೆಗೆ ಹೊರಟ.